ಅಪರಾಧದ ಸುದ್ದಿಯನ್ನು ಓದುವ ಬಗೆ

ಬೆಳಗಿನ ಕಾಫಿಯೊಡನೆ ವೃತ್ತಪತ್ರಿಕೆಯನ್ನು ಕೈಗೆತ್ತಿಕೊಂಡಾಗ ನಮ್ಮಲ್ಲಿ ಬಹುಮಂದಿ ಮೊದಲು ಓದುವುದು ಯಾವುದನ್ನು? ಸಂಕೋಚವನ್ನು ಬದಿಗಿಟ್ಟು ಹೇಳುವುದಾದರೆ ಅದು ಸಂಪಾದಕೀಯವಲ್ಲ, ವಿಧಾನಸಭೆಯ ವರದಿಯೂ ಅಲ್ಲ. ಎಲ್ಲಿಯೋ ನಡೆದ ಒಂದು ಕಳವು, ಒಂದು ಕೊಲೆ, ಯಾರೋ ಕಾಣೆಯಾದ ಸಂಗತಿ, ಇವುಗಳ ಕಡೆಗೆ ಕಣ್ಣು ತಾನಾಗಿ ಓಡುತ್ತದೆ. ಕಾಲೇಜಿನಲ್ಲಿ ಹುಡುಗರಿಗೆ ಇಂಗ್ಲಿಷ್ ಗದ್ಯವನ್ನು ಪಾಠ ಹೇಳಿ, ಒಂದೊಂದು ಪದವನ್ನೂ ತೂಗಿ ನೋಡಬೇಕೆಂದು ಉಪದೇಶಿಸುವ ನಾವೂ ಇದಕ್ಕೆ ಹೊರತಲ್ಲ. ಷೇಕ್ಸ್‌ಪಿಯರನ ಒಂದು ಸಾಲಿನ ಮುಂದೆ ಅರ್ಧ ಗಂಟೆ ನಿಲ್ಲುವ ನಾವು, ಒಬ್ಬ ಮನುಷ್ಯನ ಮಾನವನ್ನೋ ಪ್ರಾಣವನ್ನೋ ಕುರಿತ ಹತ್ತು ಸಾಲುಗಳನ್ನು ಅರ್ಧ ನಿಮಿಷದಲ್ಲಿ ಓದಿ, ತೀರ್ಪನ್ನೂ ಕೊಟ್ಟು, ಹಾಳೆಯನ್ನು ಮಗುಚಿಬಿಡುತ್ತೇವೆ. ಈ ಅರ್ಧ ನಿಮಿಷದ ಓದನ್ನು ಕುರಿತು ಈ ಸಂಜೆ ಕೆಲವು ಮಾತುಗಳನ್ನು ಆಡಬೇಕೆಂದಿದ್ದೇವೆ.

ವಿಷಯಕ್ಕೆ ಬರುವ ಮೊದಲು ನಮ್ಮ ತಪ್ಪೊಂದನ್ನು ಹೇಳಿಕೊಳ್ಳುವುದು ನ್ಯಾಯ. ನಮ್ಮ ಊರು ಕೋಡಿಂಬಾಳ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಈ ಗ್ರಾಮ ಈಗ ಕಡಬ ತಾಲ್ಲೂಕಿನಲ್ಲಿದೆ. ಅಡಕೆಯ ತೋಟ, ರಬ್ಬರಿನ ಗುಡ್ಡ, ಆಷಾಢದಲ್ಲಿ ಹೊರಗೆ ಕಾಲಿಡಗೊಡದ ಮಳೆ. ಇಂತಹ ಊರಿನಲ್ಲಿ ಪತ್ರಿಕೆಯೆಂಬುದು ಒಬ್ಬರು ಓದಿ ನಾಲ್ವರು ಕೇಳುವ ವಸ್ತು. 2009ನೆಯ ಇಸವಿಯ ಮಳೆಗಾಲ. ನಾವು ಆಗ ಹೊಸದಾಗಿ ಅಧ್ಯಾಪಕವೃತ್ತಿಗೆ ಸೇರಿದ್ದೆವು. ರಜೆಗೆ ಊರಿಗೆ ಬಂದಿದ್ದೆವು. ಬಂಟ್ವಾಳ ತಾಲ್ಲೂಕಿನ ಒಂದು ಹಳ್ಳಿಯಿಂದ ಇಪ್ಪತ್ತೆರಡು ವರ್ಷದ ಯುವತಿಯೊಬ್ಬಳು ಜೂನ್ ತಿಂಗಳಲ್ಲಿ ಕಾಣೆಯಾಗಿದ್ದಳು. ಅವಳು ಅನ್ಯಮತದ ಹುಡುಗನೊಡನೆ ಹೋಗಿದ್ದಾಳೆಂದು ಜನ ಹೇಳಿದರು; ಪೋಲೀಸು ಠಾಣೆಯ ಮುಂದೆ ಗುಂಪುಗೂಡಿ ಪ್ರತಿಭಟಿಸಿದರು. ಈ ಸಂಗತಿ ನಮ್ಮ ಜಗುಲಿಯವರೆಗೂ ಬಂದಿತು. ದೊಡ್ಡಪ್ಪನವರು, ನೆರೆಯ ತೋಟದವರು ಇಬ್ಬರು, ಪೇಟೆಯಿಂದ ಬಂದಿದ್ದ ನೆಂಟರೊಬ್ಬರು, ಎಲ್ಲರೂ ಸೇರಿ ವಿಚಾರಣೆ ನಡೆಸಿ ಹದಿನೈದು ನಿಮಿಷದಲ್ಲಿ ಹುಡುಗಿ ಓಡಿಹೋದಳೆಂದು ತೀರ್ಮಾನಮಾಡಿದರು. ಎಂ.ಎ. ಪದವೀಧರರಾದ ನಾವೂ ತಲೆಯಾಡಿಸಿದೆವು. ಒಳಗೆ ಹಲಸಿನ ಬೀಜವನ್ನು ಸುಲಿಯುತ್ತ ಕುಳಿತಿದ್ದ ನಮ್ಮ ದೊಡ್ಡಮ್ಮನವರು ಮಾತ್ರ ಅಲ್ಲಿಂದಲೇ ಕೇಳಿದರು: “ಓಡಿಹೋದವಳು ಅಮ್ಮನಿಗೆ ಒಂದು ಫೋನಾದರೂ ಮಾಡದೆ ಇರುತ್ತಾಳಾ ಮಗಾ? ಅದನ್ನು ಹಾಕಿದ್ದಾರಾ ಪೇಪರಿನಲ್ಲಿ?”

ಹಾಕಿರಲಿಲ್ಲ. ನಾವು ನಕ್ಕು ಬೇರೆ ಮಾತಿಗೆ ತಿರುಗಿದೆವು.

ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ನಿಜ ಹೊರಬಿದ್ದಿತು. ಆ ಯುವತಿಯ ದೂರವಾಣಿಯ ಕರೆಗಳನ್ನು ಹಿಡಿದು ಹೊರಟ ಪೋಲೀಸರು, ಕಾಣೆಯಾದ ಮತ್ತೊಬ್ಬಳ ಜಾಡಿಗೆ, ಅಲ್ಲಿಂದ ಇನ್ನೊಬ್ಬಳ ಜಾಡಿಗೆ ಬಂದು, ಕಡೆಗೆ ಮೋಹನ್ ಕುಮಾರ್ ಎಂಬ, ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಮನುಷ್ಯನನ್ನು ಹಿಡಿದರು. ಮುಂದೆ ನ್ಯಾಯಾಲಯದ ಮುಂದೆ ಬಂದುದು ಒಂದಲ್ಲ ಎರಡಲ್ಲ, ಇಪ್ಪತ್ತು ಮಂದಿ ಹೆಂಗಸರ ಕೊಲೆಯ ಮೊಕದ್ದಮೆಗಳು. ವರದಕ್ಷಿಣೆ ಕೊಡಲಾರದೆ ಮದುವೆ ನಿಂತುಹೋಗಿದ್ದ ಬಡ ಮನೆಗಳ ಹೆಣ್ಣುಮಕ್ಕಳನ್ನು ಅವನು ಆರಿಸಿಕೊಳ್ಳುತ್ತಿದ್ದನು. ತಾನು ಅವರ ಜಾತಿಯವನೇ ಎಂದು ನಂಬಿಸಿ, ಬೇರೆ ಬೇರೆ ಹೆಸರು ಹೇಳಿ, ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂದು ದೂರದ ಪಟ್ಟಣಕ್ಕೆ ಕರೆದೊಯ್ದು ವಸತಿಗೃಹದಲ್ಲಿ ಒಂದು ರಾತ್ರಿ ಇರಿಸಿಕೊಳ್ಳುತ್ತಿದ್ದನು. ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲಿ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಇದು ಔಷಧವೆಂದು ಸಯನೈಡ್ ಗುಳಿಗೆಯನ್ನು ಕೊಡುತ್ತಿದ್ದನು. ಅವರು ಹೆಂಗಸರ ಶೌಚಾಲಯಕ್ಕೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು, ಅದನ್ನು ನುಂಗಿ ಅಲ್ಲಿಯೇ ಸಾಯುತ್ತಿದ್ದರು.

ಜನ ಅಪರಾಧಿಯನ್ನು ಅನ್ಯಮತದಲ್ಲಿ ಹುಡುಕುತ್ತಿದ್ದಾಗ, ನಿಜವಾದ ಅಪರಾಧಿ ‘ನಾನು ನಿಮ್ಮವನೇ’ ಎಂದು ಹೇಳಿಕೊಂಡು ತಿರುಗುತ್ತಿದ್ದನು.

ಈ ಪ್ರಕರಣವನ್ನು ನಾವು ಇಲ್ಲಿ ತೆಗೆದುಕೊಂಡಿರುವುದು ಅದರ ಘೋರತೆಗಾಗಿ ಅಲ್ಲ. ಘೋರತೆಯನ್ನು ಕುರಿತು ಪತ್ರಿಕೆಗಳೂ ಟೆಲಿವಿಷನ್ನೂ ಬೇಕಾದಷ್ಟು ಹೇಳಿವೆ; ಆ ಮನುಷ್ಯನಿಗೆ ವಿಷದ ಹೆಸರನ್ನೇ ಬಿರುದಾಗಿ ಅಂಟಿಸಿ ಅವನನ್ನು ಒಂದು ಕಥಾನಾಯಕನನ್ನಾಗಿಯೂ ಮಾಡಿವೆ. ನಮ್ಮ ಪ್ರಶ್ನೆ ಬೇರೆ. 2009ಕ್ಕೆ ಹಿಂದಿನ ಐದಾರು ವರ್ಷಗಳಲ್ಲಿ ಇಷ್ಟು ಮಂದಿ ಹೆಂಗಸರು ಹೆಚ್ಚುಕಡಿಮೆ ಒಂದೇ ಬಗೆಯ ಸ್ಥಳದಲ್ಲಿ, ಒಂದೇ ಬಗೆಯ ಬಾಗಿಲ ಹಿಂದೆ ಸತ್ತರು. ಸುದ್ದಿ ಮುಚ್ಚಿಹೋಗಲಿಲ್ಲ, ಬಸ್ ನಿಲ್ದಾಣವೆಂದರೆ ನೂರು ಜನ ನೋಡುವ ಜಾಗ. ಹೀಗಿದ್ದೂ ಓದುವವರಾದ ನಮಗೆ ಏಕೆ ಏನೂ ಕಾಣಲಿಲ್ಲ?

ಒಂದು ಕಾರಣ ಸುದ್ದಿ ಹುಟ್ಟುವ ರೀತಿಯಲ್ಲಿದೆ. ಅಪರಿಚಿತ ಶವವೊಂದು ಸಿಕ್ಕಿದರೆ ಠಾಣೆಯವರು ಅದನ್ನು ಅಸಹಜ ಮರಣವೆಂದು ಬರೆದುಕೊಳ್ಳುತ್ತಾರೆ. ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಪ್ರಕರಣ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಒಳಗಿನಿಂದ ಚಿಲಕ ಹಾಕಿದೆ, ಮೈಮೇಲೆ ಗಾಯವಿಲ್ಲ. ಆತ್ಮಹತ್ಯೆಯೆಂದು ಭಾವಿಸುವುದು ಸುಲಭ. ಸುದ್ದಿಗಾರನು ಠಾಣೆಗೆ ಹೋಗಿ ಅಲ್ಲಿ ಬರೆದುಕೊಂಡುದನ್ನು ತಾನು ಬರೆದುಕೊಂಡು ಬರುತ್ತಾನೆ. ಅವನನ್ನು ನಾವು ಬಹಳ ಬೈಯಲಾರೆವು. ಸಂಜೆಯೊಳಗೆ ಅವನು ಹತ್ತು ಸುದ್ದಿಗಳನ್ನು ಕಳುಹಿಸಬೇಕು. ನಾಳೆಯೂ ಆ ಠಾಣೆಯ ಮೆಟ್ಟಿಲನ್ನೇ ಹತ್ತಬೇಕು. ಆದರೆ ಓದುವ ನಾವು ಒಂದು ವಿಷಯವನ್ನು ಮರೆಯಬಾರದು. ಅಪರಾಧದ ಸುದ್ದಿಯೆಂದು ನಾವು ಓದುವುದು ಹೆಚ್ಚು ಪಾಲು ಅಪರಾಧ ನಡೆದ ಮೊದಲ ಕೆಲವು ಗಂಟೆಗಳಲ್ಲಿ ಒಂದೇ ಕಚೇರಿಯವರು ಊಹಿಸಿದ ಸಂಗತಿ. ಊಹೆ ತಪ್ಪಾಗಿರಬೇಕೆಂದಿಲ್ಲ. ಆದರೆ ಅದು ಊಹೆಯೆಂಬುದು ಅಚ್ಚಾಗುವ ಹೊತ್ತಿಗೆ ಅಳಿಸಿಹೋಗಿರುತ್ತದೆ.

ಇದಕ್ಕಿಂತ ದೊಡ್ಡ ಕಾರಣವೊಂದುಂಟು. ನಮ್ಮ ಮುಖ್ಯವಾದ ಮಾತೂ ಅದೇ. ಒಂದು ಸುದ್ದಿಯ ಸುಳ್ಳು ಅದರ ವಾಕ್ಯದೊಳಗೇ ಇರಬೇಕಾಗಿಲ್ಲ. ‘ಬಸ್ ನಿಲ್ದಾಣದಲ್ಲಿ ಅಪರಿಚಿತ ಮಹಿಳೆಯ ಶವ ಪತ್ತೆ’ ಎಂಬ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ‘ಯುವತಿ ಕಾಣೆ’ ಎಂಬುದರಲ್ಲಿಯೂ ಇಲ್ಲ. ಆದರೆ ಕಾಣೆಯಾದುದು ದಕ್ಷಿಣ ಕನ್ನಡದಲ್ಲಿ. ಶವ ಸಿಕ್ಕಿದುದು ಘಟ್ಟದ ಮೇಲೆ, ಮಡಿಕೇರಿಯಲ್ಲಿಯೋ ಹಾಸನದಲ್ಲಿಯೋ ಮೈಸೂರಿನಲ್ಲಿಯೋ. ನಮ್ಮ ಪತ್ರಿಕೆಗಳಿಗೆ ಜಿಲ್ಲೆಗೊಂದು ಪುಟವುಂಟು. ಮಂಗಳೂರಿನವನು ಓದುವ ಪುಟ ಮೈಸೂರಿನವನಿಗೆ ಬರುವುದಿಲ್ಲ, ಮೈಸೂರಿನವನದು ಇವನಿಗೆ ಬರುವುದಿಲ್ಲ. ಪೋಲೀಸು ಠಾಣೆಗಳ ಕಡತಗಳೂ ಹಾಗೆಯೇ. ಒಂದು ಠಾಣೆಯ ಕಪಾಟಿನಲ್ಲಿರುವುದನ್ನು ಇನ್ನೊಂದು ಠಾಣೆ ಕಾಣದು. ಒಂದೇ ಹೆಣ್ಣಿನ ಬದುಕಿನ ಎರಡು ತುಂಡುಗಳು ಎರಡು ಪುಟಗಳಲ್ಲಿ ಬಿದ್ದಿದ್ದವು. ಎರಡನ್ನೂ ಒಟ್ಟಿಗೆ ಓದಿದವನು ಯಾರೂ ಇರಲಿಲ್ಲ. ನಡುವೆ ಉಳಿದ ಬಿಡುವನ್ನು ಪ್ರತಿಯೊಂದು ಊರಿನವರೂ ತಮ್ಮ ಬಳಿಯಿದ್ದ ಸಾಮಗ್ರಿಯಿಂದ ತುಂಬಿದರು. ಘಟ್ಟದ ಮೇಲಿನವರು ‘ಆತ್ಮಹತ್ಯೆ’ ಎಂದರು, ಕೆಳಗಿನವರು ‘ಓಡಿಹೋದಳು’ ಎಂದರು. ಎರಡೂ ಹೆಣ್ಣಿನ ವಿಷಯದಲ್ಲಿ ನಮ್ಮ ಸಮಾಜ ಸದಾ ಸಿದ್ಧವಾಗಿ ಇಟ್ಟುಕೊಂಡಿರುವ ಉತ್ತರಗಳು. ಉತ್ತರ ಸಿದ್ಧವಾಗಿರುವಲ್ಲಿ ಪ್ರಶ್ನೆ ಹುಟ್ಟುವುದಿಲ್ಲ.

ಇದರ ಫಲವೇನಾಯಿತು? ಹಲವು ಮನೆಗಳವರು ದೂರನ್ನೇ ಕೊಡಲಿಲ್ಲ. ಮಗಳು ಯಾರೊಡನೆಯೋ ಹೋದಳೆಂಬ ಮಾತು ಠಾಣೆಯ ಪುಸ್ತಕದಲ್ಲಿ ಏರಿದರೆ, ಉಳಿದ ಹೆಣ್ಣುಮಕ್ಕಳ ಮದುವೆಯ ಗತಿಯೇನು? ಎಲ್ಲಿಯೋ ಸುಖವಾಗಿರಲಿ ಎಂದು ಸುಮ್ಮನಾದ ತಂದೆತಾಯಿಗಳೂ ಇದ್ದರು. ಹೀಗೆ ದೂರು ಬಾರದಿರುವುದರಿಂದ ಸುದ್ದಿಯಿಲ್ಲ, ಸುದ್ದಿಯಿಲ್ಲದಿರುವುದರಿಂದ ಎಚ್ಚರವಿಲ್ಲ, ಎಚ್ಚರವಿಲ್ಲದಿರುವುದರಿಂದ ಮತ್ತೊಬ್ಬಳು ಬಸ್ಸು ಹತ್ತಿದಳು. ಇವರಲ್ಲಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದವರೂ ಇದ್ದರು. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿಯೇ ಆಗಿದೆ. ಆದರೂ ‘ವರದಕ್ಷಿಣೆ ಬೇಡ’ ಎಂಬ ಒಂದೇ ಮಾತು ಒಬ್ಬ ಕೊಲೆಗಾರನಿಗೆ ಇಪ್ಪತ್ತು ಮನೆಗಳ ಬಾಗಿಲನ್ನು ತೆರೆಯಿತೆಂದರೆ, ಈ ಅಪರಾಧದ ಬಹುಮುಖ್ಯವಾದ ಸಂದರ್ಭ ಸಯನೈಡ್ ಅಲ್ಲ, ಆ ಮಾತು. ದಪ್ಪಕ್ಷರದ ತಲೆಬರಹಗಳಲ್ಲಿ ಅದಕ್ಕೆ ಸಿಕ್ಕಿದ ಸ್ಥಳ ಬಹಳ ಸಣ್ಣದು.

ಇನ್ನು ಪದಗಳ ವಿಚಾರ. ಇದು ನಮ್ಮ ವೃತ್ತಿಗೆ ಸೇರಿದ್ದಾದುದರಿಂದ ಸ್ವಲ್ಪ ಹೆಚ್ಚು ಹೇಳಿದರೆ ಕೇಳುಗರು ಕ್ಷಮಿಸಬೇಕು. ‘ಆರೋಪಿಯು ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ವಾಕ್ಯವನ್ನು ನಾವು ವಾರಕ್ಕೆ ನಾಲ್ಕು ಸಲ ಓದುತ್ತೇವೆ. ಓದಿದೊಡನೆ ಅಪರಾಧ ರುಜುವಾತಾಯಿತೆಂದು ಹಾಳೆಯನ್ನು ಮಡಿಸುತ್ತೇವೆ. ಯಾರ ಮುಂದೆ ಒಪ್ಪಿಕೊಂಡನು? ಪೋಲೀಸರ ಮುಂದೆ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಪ್ರಕರಣ, ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸಕೂಡದೆಂದು ವಿಧಿಸಿತು. ಅಂತಹ ಹೇಳಿಕೆಯಿಂದ ಯಾವುದಾದರೊಂದು ಸಂಗತಿ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ಬೆಲೆ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ನಿಯಮವನ್ನು ಬಿಡಲಿಲ್ಲ. ನಮ್ಮನ್ನು ಆಳಿದ ಪರಕೀಯರು ಕೂಡ, ಲಾಠಿಯ ಮುಂದೆ ಆಡಿದ ಮಾತಿಗೆ ಬೆಲೆ ಕೊಡಬಾರದೆಂದು ನೂರೈವತ್ತು ವರ್ಷದ ಹಿಂದೆ ತಿಳಿದಿದ್ದರು. ನ್ಯಾಯಾಧೀಶರು ಕೇಳಲೊಲ್ಲದ ಸಾಕ್ಷ್ಯವನ್ನು ನಾವು ಕಾಫಿಯೊಡನೆ ನುಂಗುತ್ತೇವೆ.

ಕ್ರಿಯಾಪದದಲ್ಲಿಯೂ ಪಕ್ಷಪಾತವುಂಟು. ‘ಮೃತಪಟ್ಟಿದ್ದಾರೆ’ ಎಂದರೆ ಯಾರೂ ಕೊಂದಿಲ್ಲ. ‘ಕೊಂದಿದ್ದಾನೆ’ ಎಂದರೆ ಕೊಂದವನು ನಿಶ್ಚಿತ. ಒಬ್ಬನಿಗೆ ಲಾಠಿಯ ಏಟು ‘ಬೀಳುತ್ತದೆ’, ಇನ್ನೊಬ್ಬನು ಪೋಲೀಸರ ಮೇಲೆ ಕಲ್ಲು ‘ಎಸೆಯುತ್ತಾನೆ’. ಏಟು ತಾನಾಗಿಯೇ ಆಕಾಶದಿಂದ ಬೀಳುವಂತೆಯೂ, ಕಲ್ಲಿಗೆ ಮಾತ್ರ ಕರ್ತೃವಿರುವಂತೆಯೂ ಬರೆಯುವ ಈ ವ್ಯಾಕರಣವನ್ನು ಕೇಶಿರಾಜನು ಹೇಳಿಕೊಟ್ಟಿಲ್ಲ! ವಿಶೇಷಣಗಳೂ ಹಾಗೆಯೇ. ಕಳವಿನಲ್ಲಿ ಸಿಕ್ಕಿದವನು ಕೂಲಿಯವನಾದರೆ ಅವನ ಊರು, ಜಾತಿ, ಭಾಷೆ ಎಲ್ಲವೂ ಮೊದಲ ಸಾಲಿನಲ್ಲಿ ಬರುತ್ತವೆ. ಬ್ಯಾಂಕಿನ ಹಣವನ್ನು ನುಂಗಿದವನು ಮಾತ್ರ ‘ಉದ್ಯಮಿ’ಯಾಗಿಯೇ ಉಳಿಯುತ್ತಾನೆ. ನಮ್ಮ ಕಡೆಯ ತೋಟಗಳಿಗೆ ಈಚೆಗೆ ಉತ್ತರದ ಪ್ರಾಂತಗಳಿಂದ ಕೆಲಸಗಾರರು ಬರುತ್ತಾರೆ. ಅಂಗಳದಲ್ಲಿ ಒಣಗಹಾಕಿದ ಅಡಕೆ ಕಳವಾದರೆ ಮೊದಲ ನೋಟ ಅವರ ಬಿಡಾರದ ಕಡೆಗೆ. ಅವರಲ್ಲಿ ಕಳ್ಳರಿಲ್ಲವೆಂದು ನಾವು ಹೇಳುವುದಿಲ್ಲ. ಅವರು ಬರುವುದಕ್ಕೆ ಮುಂಚೆಯೂ ನಮ್ಮೂರಿನಲ್ಲಿ ಅಡಕೆ ಕಳವಾಗುತ್ತಿತ್ತೆಂಬುದನ್ನು ನೆನಪಿಸುತ್ತೇವೆ, ಅಷ್ಟೆ. ಸುದ್ದಿಯಲ್ಲಿ ಒಬ್ಬನ ಮತವನ್ನೋ ಊರನ್ನೋ ಹೇಳಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಆ ಜಾಗದಲ್ಲಿ ನಮ್ಮದೇ ಮತವನ್ನು, ನಮ್ಮದೇ ಊರನ್ನು ಇಟ್ಟು ಮತ್ತೆ ಓದಬೇಕು. ಆಗ ಆ ಪದ ಅಲ್ಲಿ ಅನಾವಶ್ಯಕವೆಂದು ತೋರಿದರೆ ಮೊದಲೂ ಅದು ಅನಾವಶ್ಯಕವೇ ಆಗಿತ್ತು.

ಅಂಕಿ ಅಂಶಗಳ ಮಾತನ್ನು ಬೇಗ ಮುಗಿಸೋಣ. ಕೇಂದ್ರ ಸರ್ಕಾರದವರು 1953ರಿಂದ ದೇಶದ ಅಪರಾಧಗಳ ವಾರ್ಷಿಕ ಪುಸ್ತಕವನ್ನು ಪ್ರಕಟಿಸುತ್ತ ಬಂದಿದ್ದಾರೆ. ಅದರಲ್ಲಿರುವುದು ನಡೆದ ಅಪರಾಧಗಳ ಲೆಕ್ಕವಲ್ಲ, ಠಾಣೆಯಲ್ಲಿ ಬರೆದುಕೊಂಡ ಅಪರಾಧಗಳ ಲೆಕ್ಕ. ದೂರನ್ನು ತಕ್ಷಣ ಬರೆದುಕೊಳ್ಳುವ ಸೀಮೆ ಅಪರಾಧಿಗಳ ಸೀಮೆಯಂತೆ ಕಾಣುತ್ತದೆ. ಬಂದವರನ್ನು ಬೈದು ಕಳುಹಿಸುವ ಸೀಮೆ ಸಾಧುಗಳ ಸೀಮೆಯಂತೆ ಕಾಣುತ್ತದೆ. ಇಷ್ಟಲ್ಲದೆ ಒಂದೇ ದೂರಿನಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಘೋರವಾದ ಒಂದನ್ನು ಮಾತ್ರ ಎಣಿಸುವ ಪದ್ಧತಿ ಅಲ್ಲಿ ನಡೆದುಬಂದಿದೆ. ಕಳವು ಮಾಡಿ ಕೊಂದರೆ ಕೊಲೆ ಲೆಕ್ಕಕ್ಕೆ ಸೇರುತ್ತದೆ, ಕಳವು ಸೇರುವುದಿಲ್ಲ. ‘ಅಪರಾಧಗಳು ಇಮ್ಮಡಿ’ ಎಂಬ ತಲೆಬರಹವನ್ನು ಕಂಡಾಗ, ಎಷ್ಟರಿಂದ ಎಷ್ಟಕ್ಕೆ, ಎಷ್ಟು ಜನಸಂಖ್ಯೆಯಲ್ಲಿ ಎಂದು ಕೇಳಬೇಕು. ಎರಡು ನಾಲ್ಕಾದರೂ ಇಮ್ಮಡಿಯೇ. ನಾವು ಹೇಳುತ್ತಿದ್ದ ಇಪ್ಪತ್ತು ಕೊಲೆಗಳು ನಡೆದ ವರ್ಷಗಳಲ್ಲಿ ಯಾವ ಜಿಲ್ಲೆಯ ಕೊಲೆಗಳ ಲೆಕ್ಕದಲ್ಲಿಯೂ ಅವು ಇದ್ದಿರಲಾರವು. ಅಸಹಜ ಮರಣಗಳ ರಾಶಿಯಲ್ಲಿ ಮಲಗಿದ್ದವು.

ಮೊದಲ ದಿನದ ಸುದ್ದಿಗೂ ಕಡೆಯ ದಿನದ ಸುದ್ದಿಗೂ ಇರುವ ಅಂತರವನ್ನೂ ಗಮನಿಸಬೇಕು. ಅದೇ 2009ರ ಜನವರಿಯಲ್ಲಿ ಮಂಗಳೂರಿನ ಪಾನಗೃಹವೊಂದಕ್ಕೆ ಗುಂಪೊಂದು ನುಗ್ಗಿ ಅಲ್ಲಿದ್ದ ಯುವತಿಯರನ್ನು ಹೊಡೆಯಿತು. ಆ ದೃಶ್ಯವನ್ನು ಟೆಲಿವಿಷನ್ನಿನವರು ಮತ್ತೆ ಮತ್ತೆ ತೋರಿಸಿದರು. ದೇಶವಿದೇಶಗಳಲ್ಲಿ ಮಂಗಳೂರಿನ ಹೆಸರು ಕೇಳಿಬಂದಿತು. ಒಂಬತ್ತು ವರ್ಷಗಳ ಮೇಲೆ, 2018ರ ಮಾರ್ಚ್ ತಿಂಗಳಲ್ಲಿ, ನ್ಯಾಯಾಲಯವು ಸಾಕ್ಷ್ಯ ಸಾಲದೆಂದು ಆಪಾದಿತರನ್ನು ಬಿಡುಗಡೆಮಾಡಿತು. ಏಟು ತಿಂದವರಿದ್ದರು, ಕ್ಯಾಮೆರಾ ಇತ್ತು, ಲೋಕವೆಲ್ಲ ನೋಡಿತ್ತು. ಸಾಕ್ಷ್ಯ ಮಾತ್ರ ಸಾಲಲಿಲ್ಲ. ಏಕೆ ಸಾಲಲಿಲ್ಲ ಎಂಬುದು ಮೊದಲ ದಿನದ ಸುದ್ದಿಗಿಂತ ನೂರು ಪಾಲು ದೊಡ್ಡ ಸುದ್ದಿಯೆಂದು ನಮ್ಮ ಅಭಿಪ್ರಾಯ. ಅದನ್ನು ಬರೆಯಬೇಕಾದರೆ ಒಬ್ಬ ಸುದ್ದಿಗಾರನು ತಿಂಗಳುಗಟ್ಟಲೆ ನ್ಯಾಯಾಲಯದ ಬೆಂಚಿನ ಮೇಲೆ ಕುಳಿತಿರಬೇಕು. ಅಷ್ಟು ವ್ಯವಧಾನ ಪತ್ರಿಕೆಗಿಲ್ಲ. ಅಷ್ಟು ಕುತೂಹಲ ನಮಗೂ ಉಳಿದಿರುವುದಿಲ್ಲ.

ಇದೆಲ್ಲ ಇಂದಿನ ಕಾಲದ ಕೇಡು, ಮೊಬೈಲು ಬಂದ ಮೇಲೆ ಕೆಟ್ಟಿತು ಎಂದು ಹೇಳುವವರುಂಟು. ನಮ್ಮ ಸೀಮೆಯ ಚರಿತ್ರೆಯೇ ಇದಕ್ಕೆ ಬೇರೆ ಉತ್ತರ ಕೊಡುತ್ತದೆ. 1834ರಲ್ಲಿ ಕಂಪೆನಿ ಸರ್ಕಾರದವರು ಕೊಡಗಿನ ರಾಜನನ್ನು ಇಳಿಸಿ, ಅವನ ಆಳಿಕೆಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಅದುವರೆಗೆ ಬೆಳೆದ ದವಸದಲ್ಲಿಯೇ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ಮುಂದೆ ರೊಕ್ಕದಲ್ಲಿ ಸಲ್ಲಿಸಬೇಕಾಯಿತು. ರೊಕ್ಕಕ್ಕಾಗಿ ದವಸವನ್ನು ಬಂದ ಬೆಲೆಗೆ ಮಾರಬೇಕಾಯಿತು. 1837ರ ಮಾರ್ಚ್ ಕಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರು ದಂಗೆಯೆದ್ದರು. ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಪುಟ್ಟಬಸಪ್ಪನೆಂಬವನನ್ನು ಮುಂದಿಟ್ಟುಕೊಂಡು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ ಮೊದಲಲ್ಲಿ ಮಂಗಳೂರನ್ನು ಹಿಡಿದು, ಬಾವುಟಗುಡ್ಡದ ಮೇಲೆ ತಮ್ಮ ಧ್ವಜವನ್ನು ಹಾರಿಸಿ, ಹದಿಮೂರು ದಿನ ಅದನ್ನು ಉಳಿಸಿಕೊಂಡರು. ಕಣ್ಣಾನೂರು ಮುಂತಾದ ಕಡೆಗಳಿಂದ ಸೈನ್ಯ ಬಂದ ಮೇಲೆ ಎಲ್ಲವೂ ಮುಗಿಯಿತು. ಮುಂದಾಳುಗಳಲ್ಲಿ ಕೆಲವರು ಗಲ್ಲಿಗೇರಿದರು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಇಷ್ಟು ದೊಡ್ಡ ಸಂಗತಿಯನ್ನು ನಮ್ಮ ಹಳ್ಳಿಗಳು ನೆನಪಿನಲ್ಲಿಟ್ಟುಕೊಂಡ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ನಾವು ಬಾಲ್ಯದಲ್ಲಿ ಈ ಮಾತನ್ನು ಕೇಳಿದಾಗ, ಯಾವನೋ ಕೊಳ್ಳೆಗಾರನ ಹಾವಳಿಯೆಂದು ತಿಳಿದಿದ್ದೆವು; ಹಾಗೆ ತಿಳಿದವರು ನಾವೊಬ್ಬರೇ ಅಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ ಮೋಗ್ಲಿಂಗ್ ಪಾದ್ರಿಯ ಕೈಯಿಂದ ಹುಟ್ಟಿದುದು 1843ರಲ್ಲಿ. ಅಂದರೆ ದಂಗೆಯ ಸುದ್ದಿಯನ್ನು ಬರೆಯಲು ಕನ್ನಡದಲ್ಲಿ ಒಂದು ಪತ್ರಿಕೆಯೂ ಇರಲಿಲ್ಲ. ಬರೆದಿಟ್ಟವರು ಹೆಚ್ಚಾಗಿ ದಂಗೆಯನ್ನು ಅಡಗಿಸಿದವರೇ. ದಂಗೆಕೋರರ ಹೆಸರು, ಅವರು ದೋಚಿದ ಖಜಾನೆ, ಅವರಿಗೆ ಆದ ಶಿಕ್ಷೆ, ಇವು ಜನರ ಬಾಯಲ್ಲಿ ಉಳಿದವು. ರೊಕ್ಕದ ಕಂದಾಯ ಮಾತ್ರ ಕಥೆಯಿಂದ ಜಾರಿಹೋಯಿತು. ಅದೊಂದು ಸಂಗತಿ ಬಿಟ್ಟುಹೋದುದರಿಂದ ಬಂಡಾಯ ಸುಲಿಗೆಯಾಯಿತು. ಸಂಶೋಧಕರು ಅದನ್ನು ಮತ್ತೆ ಕೂಡಿಸಿ ಬರೆಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 2022ರಲ್ಲಿ ಬಾವುಟಗುಡ್ಡದ ಮೇಲೆ ಕೆದಂಬಾಡಿ ರಾಮಯ್ಯ ಗೌಡನ ವಿಗ್ರಹವನ್ನು ನಿಲ್ಲಿಸಿದ್ದಾರೆ. ಈಗ ಇನ್ನೊಂದು ಕಡೆಗೆ ವಾಲಿ, ಆ ದಂಡು ಬಂದ ದಾರಿಯಲ್ಲಿ ಸಾಮಾನ್ಯರಿಗೆ ಯಾವ ತೊಂದರೆಯೂ ಆಗಲಿಲ್ಲವೆಂದು ಬರೆಯುವವರು ಬಂದರೆ ಅವರನ್ನೂ ನಾವು ಇದೇ ಪ್ರಶ್ನೆಗಳಿಂದ ತಡೆದು ನಿಲ್ಲಿಸಬೇಕಾದೀತು.

ಮತ್ತೆ ಮೊದಲಿನ ಪ್ರಕರಣಕ್ಕೆ ಬರೋಣ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯವು ಮೋಹನ್ ಕುಮಾರನಿಗೆ ಮೊದಲು ಮರಣದಂಡನೆಯನ್ನು ವಿಧಿಸಿತು. 2017ರಲ್ಲಿ ಉಚ್ಚ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. ಒಂದೊಂದಾಗಿ ವಿಚಾರಣೆ ನಡೆದು, ಇಪ್ಪತ್ತನೆಯ ಮೊಕದ್ದಮೆಯಲ್ಲಿಯೂ ಅವನು ತಪ್ಪಿತಸ್ಥನೆಂದು ತೀರ್ಪಾದುದು 2020ರ ಜೂನ್ ತಿಂಗಳಲ್ಲಿ. ಆ ಸಮಯದಲ್ಲಿ ಸಾಂಕ್ರಾಮಿಕದ ದೆಸೆಯಿಂದ ಕಾಲೇಜು ಮುಚ್ಚಿತ್ತು. ನಾವು ಊರಿನಲ್ಲಿಯೇ ಇದ್ದೆವು. ಹನ್ನೊಂದು ವರ್ಷದ ಹಿಂದೆ ಅದೇ ಜಗುಲಿಯಲ್ಲಿ ಕುಳಿತಿದ್ದವರಲ್ಲಿ ಇಬ್ಬರು ತೀರಿಹೋಗಿದ್ದರು. ದೊಡ್ಡಮ್ಮನವರಿಗೆ ಕಣ್ಣು ಮಂದವಾಗಿತ್ತು. ಸುದ್ದಿಯನ್ನು ನಾವೇ ಅವರಿಗೆ ಓದಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗ ಯಾರನ್ನೋ ಹೇಳಿದ್ದರಲ್ಲ, ಬೇರೆ ಜಾತಿಯ ಹುಡುಗ ಕರಕೊಂಡು ಹೋದ ಅಂತ. ಅವರದ್ದು ಯಾರದ್ದೂ ಅಲ್ಲ ಅಂತ ಹಾಕಿದ್ದಾರಾ ಮಗಾ?” ಎಂದು ಕೇಳಿದರು.

ನಾವು ಪತ್ರಿಕೆಯನ್ನು ಮೊದಲಿನಿಂದ ಕಡೆಯವರೆಗೆ ತಿರುವಿ ನೋಡಿದೆವು. ಹಾಕಿರಲಿಲ್ಲ.